ಇಬ್ಬರು ಸೂಲಗಿತ್ತಿಯರ ದೈವಭಯ

(ಓದತಕ್ಕ ವೇದಭಾಗ: ವಿಮೋಚನಕಾಂಡ ೧ನೆಯ ಅಧ್ಯಾಯ, ೧೫ರಿಂದ ೨೧ನೆಯ ವಚನಗಳು)



ಹಿಂದಿನ ಕಾಲದಲ್ಲಿ ನಮ್ಮ ಸೀಮೆಯ ಹಳ್ಳಿಗಳಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಅವರ ಬಳಿಯಲ್ಲಿ ಕೂತಿರುತ್ತಿದ್ದವರು ತಾಯಿ, ಅಜ್ಜಿ, ನೆರೆಮನೆಯವಳು, ಇಲ್ಲವೆ ಊರ ಸೂಲಗಿತ್ತಿ, ಇಷ್ಟೇ ಜನ. ಈಗ ಹಾಗಲ್ಲ. ಹೊಸಪೇಟೆಯಲ್ಲಿಯೂ ಸಂಡೂರಿನಲ್ಲಿಯೂ ಕಂಪ್ಲಿಯಲ್ಲಿಯೂ ಆಸ್ಪತ್ರೆಗಳುಂಟು. ಅವುಗಳಲ್ಲಿ ಹಗಲಿರುಳು ನಿಂತು ಸೇವೆ ಮಾಡುವ ದಾದಿಯರುಂಟು. ಕಾಗದಪತ್ರಗಳಲ್ಲಿ ಅವರಿಗೆ ಶುಶ್ರೂಷಾಧಿಕಾರಿಗಳೆಂಬ ದೊಡ್ಡ ಹೆಸರಿದ್ದರೂ ನಮ್ಮ ಜನರು ಅವರನ್ನು ಸಿಸ್ಟರಮ್ಮ ಎಂದೇ ಕರೆಯುತ್ತಾರೆ. ಸಿಸ್ಟರಮ್ಮ ಅಂದರೆ ಅಕ್ಕ, ತಂಗಿ. ಈ ಕರೆಯುವ ಮಾತಿನಲ್ಲಿಯೇ ಒಂದು ಬೋಧನೆ ಅಡಗಿದೆ. ನಮ್ಮ ಸಭೆಗಳ ಮಕ್ಕಳಲ್ಲಿಯೂ ಅನೇಕರು ಈ ವಿದ್ಯೆಯನ್ನು ಕಲಿತು ದೂರದ ಊರುಗಳಿಗೆ ಹೋಗಿದ್ದಾರೆ. ಇನ್ನುಳಿದ ನಾವೆಲ್ಲರೂ ಒಂದಲ್ಲ ಒಂದು ದಿವಸ ತಂದೆಯನ್ನಾಗಲಿ ತಾಯಿಯನ್ನಾಗಲಿ ಮಗುವನ್ನಾಗಲಿ ಆರೈಕೆ ಮಾಡುವವರೇ. ಆದಕಾರಣ ರೋಗಿಯ ಮಂಚದ ಬಳಿಯಲ್ಲಿ ನಿಲ್ಲುವವರ ಧರ್ಮವೇನೆಂಬ ವಿಷಯವು ದಾದಿಯರಿಗೆ ಮಾತ್ರ ಸಂಬಂಧಪಟ್ಟದ್ದೆಂದು ಯಾರೂ ನೆನಸದಿರಲಿ.

ಮದ್ದು ಕೊಡುವುದನ್ನೂ ಗಾಯ ಕಟ್ಟುವುದನ್ನೂ ಶಾಲೆಯಲ್ಲಿ ಕಲಿಯಬಹುದು. ಆದರೆ ನಡುರಾತ್ರಿಯಲ್ಲಿ ವೈದ್ಯರು ಇಲ್ಲದಿರುವಾಗ, ಮೇಲಿನವರು ನಿದ್ರಿಸುತ್ತಿರುವಾಗ, ರೋಗಿಗೆ ಮಾತಾಡುವ ಶಕ್ತಿಯೇ ಇಲ್ಲದಿರುವಾಗ, ಆ ಕೋಣೆಯಲ್ಲಿ ನಿಂತಿರುವ ಒಬ್ಬಳು ತಕ್ಕದ್ದನ್ನು ಮಾಡುವಳೋ ಮಾಡದೆ ಬಿಡುವಳೋ ಎಂಬುದನ್ನು ನೋಡುವವರು ಯಾರು? ಅಲ್ಲಿ ವಿದ್ಯೆಗಿಂತಲೂ ಹೆಚ್ಚಾಗಿ ಬೇಕಾದದ್ದು ಮನಸ್ಸಾಕ್ಷಿ. ಇದನ್ನು ಕುರಿತೇ ಮೇಲೆ ಸೂಚಿಸಿದ ವೇದಭಾಗವು ನಮಗೆ ಕಲಿಸುತ್ತದೆ.

ಐಗುಪ್ತದ ಅರಸನು ಇಬ್ರಿಯರ ಸಂಖ್ಯೆ ಹೆಚ್ಚುವದನ್ನು ಕಂಡು ಭಯಪಟ್ಟು, ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರನ್ನು ಕರೆಯಿಸಿದನು. ಹೆರಿಗೆಯ ಹೊತ್ತಿನಲ್ಲಿ ಹುಟ್ಟಿದ್ದು ಗಂಡಾದರೆ ಕೊಂದುಬಿಡಬೇಕು, ಹೆಣ್ಣಾದರೆ ಉಳಿಸಬೇಕು ಎಂಬದೇ ಅವನ ಅಪ್ಪಣೆ. ಪ್ರಿಯರೇ, ಅರಸನ ಉಪಾಯವನ್ನು ನೋಡಿರಿ. ಅವನಿಗೆ ಸೈನ್ಯವಿತ್ತು, ಕತ್ತಿಗಳಿದ್ದವು. ಆದರೂ ಅವನು ಮೊದಲು ಹುಡುಕಿದ್ದು ಮಂಚದ ಬಳಿಯಲ್ಲಿರುವ ಕೈಯನ್ನು. ಯಾಕಂದರೆ ಹೊಸದಾಗಿ ಹುಟ್ಟಿದ ಕೂಸು ಆ ಕೈಯೊಳಗಿರುತ್ತದೆ, ತಾಯಿಯು ನೋವಿನಲ್ಲಿರುತ್ತಾಳೆ, ಬಾಗಿಲು ಮುಚ್ಚಿರುತ್ತದೆ, ಏನು ನಡೆಯಿತೆಂದು ಯಾರಿಗೂ ಗೊತ್ತಾಗುವದಿಲ್ಲ. ಆ ಇಬ್ಬರು ಸ್ತ್ರೀಯರಾದರೋ ಅರಸನಿಗೆ ಭಯಪಡುವದಕ್ಕಿಂತ ಹೆಚ್ಚಾಗಿ ದೇವರಿಗೆ ಭಯಪಟ್ಟು ಮಕ್ಕಳನ್ನು ಉಳಿಸಿದರು. ಇನ್ನೊಂದು ಸಂಗತಿಯನ್ನೂ ಗಮನಿಸಿರಿ. ಆ ಮಹಾ ಅರಸನ ಸ್ವಂತ ಹೆಸರನ್ನು ಆ ಅಧ್ಯಾಯದಲ್ಲಿ ಬರೆದಿಲ್ಲ. ಬಡ ಸೂಲಗಿತ್ತಿಯರಿಬ್ಬರ ಹೆಸರುಗಳಾದರೋ ಇಂದಿನ ವರೆಗೂ ಓದಲ್ಪಡುತ್ತವೆ.

ಇದರಿಂದ ನಾವು ಕಲಿಯತಕ್ಕ ನಾಲ್ಕು ಸಂಗತಿಗಳನ್ನು ಈಗ ವಿಚಾರಿಸೋಣ.

ಮೊದಲನೆಯದು: ನಮ್ಮ ಕೈಯೊಳಗಿರುವ ಜೀವವು ನಮ್ಮದಲ್ಲ.

ಫರೋಹನ ಅಪ್ಪಣೆಯು ಹಳೆಯ ಕಾಲದ ಕಥೆಯೆಂದು ನಾವು ಸುಮ್ಮನಿರುವ ಹಾಗಿಲ್ಲ. ಅವನು ಗಂಡುಕೂಸುಗಳನ್ನು ಕೊಲ್ಲಬೇಕೆಂದನು. ನಮ್ಮ ನಾಡಿನಲ್ಲಿ ಹೆಣ್ಣುಕೂಸುಗಳನ್ನು ಹುಟ್ಟುವ ಮೊದಲೇ ಕೊಲ್ಲಿಸುವವರಿದ್ದಾರೆ. ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಬೇರೆ ಯಾವ ರೀತಿಯಿಂದಾಗಲಿ ತಿಳಿಸಕೂಡದೆಂದು ೧೯೯೪ರ ಕಾನೂನು ವಿಧಿಸಿದೆ. ಆದರೂ ೨೦೨೩ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯೊಳಗೆ ಯಂತ್ರವನ್ನಿಟ್ಟು ಗುಟ್ಟಾಗಿ ಇಂಥ ಪರೀಕ್ಷೆಯನ್ನು ನಡಿಸುತ್ತಿದ್ದರೆಂಬ ಸಂಗತಿಯು ಹೊರಬಿದ್ದಾಗ ಇಡೀ ರಾಜ್ಯವೇ ನಡುಗಿತು. ಕಬ್ಬನ್ನು ಬೆಳೆಯುವ ಕಂಪ್ಲಿಯ ಕಡೆಯವರಿಗೆ ಆಲೆಮನೆಯೆಂದರೇನೆಂದು ಹೇಳಬೇಕಾಗಿಲ್ಲ. ದಾರಿಯಲ್ಲಿ ಹೋಗುವ ಮಕ್ಕಳಿಗೆ ಬಿಸಿಬೆಲ್ಲವನ್ನು ಕೊಡುವ ಸ್ಥಳವು ಮಕ್ಕಳ ಮರಣಕ್ಕೆ ಬಾಗಿಲಾಯಿತಲ್ಲಾ! ಅತ್ತೆಯೊಬ್ಬಳು ಬಂದು ದಾದಿಯ ಕೈಯಲ್ಲಿ ನೋಟುಗಳನ್ನಿಟ್ಟು, ಬಾಯಿಬಿಟ್ಟು ಹೇಳಬೇಡಮ್ಮಾ, ತಲೆಯಾಡಿಸಿದರೆ ಸಾಕು ಎಂದು ಕೇಳಿಕೊಂಡರೆ, ಆ ಸಣ್ಣ ಸನ್ನೆಯೇ ಫರೋಹನ ಕೆಲಸವಾಗುತ್ತದೆ. ಸಭೆಯವರಾದ ನಾವು ಇಂಥ ಪ್ರಶ್ನೆಯನ್ನು ಕೇಳುವವರಾದರೆ ನಾವೂ ಆ ಅರಸನ ಪಕ್ಕದಲ್ಲಿ ನಿಂತವರೇ.

ಕೆಟ್ಟ ಮನಸ್ಸಿನಿಂದಲ್ಲದೆ ಬರೀ ಅಜಾಗ್ರತೆಯಿಂದಲೂ ಕೇಡುಂಟಾಗುವದು. ೨೦೨೪ನೆಯ ಇಸವಿಯ ಆಗಸ್ಟ್ ೧೦ನೆಯ ತಾರೀಖಿನ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ ಏನಾಯಿತೆಂಬದನ್ನು ನೀವು ಮರೆತಿಲ್ಲ. ೩೩ ಬಾಗಿಲುಗಳಲ್ಲಿ ೧೯ನೆಯ ಬಾಗಿಲಿನ ಸರಪಣಿಯು ಕಡಿದುಹೋಗಿ, ಬಾಗಿಲು ನೀರಿನ ಪಾಲಾಗಿ, ರೈತರ ಗದ್ದೆಗಳಿಗೆ ಬರಬೇಕಾಗಿದ್ದ ನೀರು ಹಗಲಿರುಳು ಹೊಳೆಗೆ ಹರಿದುಹೋಯಿತು. ತಾತ್ಕಾಲಿಕವಾದ ಬಾಗಿಲನ್ನು ಇಳಿಸಿ ನಿಲ್ಲಿಸುವದಕ್ಕೆ ಸುಮಾರು ಒಂದು ವಾರ ಹಿಡಿಯಿತು. ಕಲ್ಲಿನ ಗೋಡೆಯು ಗಟ್ಟಿಯಾಗಿಯೇ ಇತ್ತು. ಉಳಿದ ೩೨ ಬಾಗಿಲುಗಳೂ ನಿಂತಿದ್ದವು. ಆದರೆ ಒಂದು ಸರಪಣಿ ಸಾಲದೆಹೋಯಿತು. ರೋಗಿಯ ಶುಶ್ರೂಷೆಯೂ ಹೀಗೆಯೇ. ಕೈ ತೊಳೆಯುವದು, ಸೀಸೆಯ ಮೇಲಿನ ಹೆಸರನ್ನು ಓದುವದು, ಗಳಿಗೆಗೆ ಸರಿಯಾಗಿ ನಾಡಿಯನ್ನು ನೋಡುವದು, ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುವದು, ಇವೆಲ್ಲ ಸಣ್ಣ ಕೊಂಡಿಗಳು. ನಾಡಿಯನ್ನು ನೋಡದೆ ನೋಡಿದೆನೆಂದು ಬರೆಯುವವಳು ಸರಪಣಿಯ ಒಂದು ಕೊಂಡಿಯನ್ನು ಕತ್ತರಿಸುತ್ತಾಳೆ.

ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ಬಾಣಂತಿಯರು ಒಬ್ಬರಾದ ಮೇಲೊಬ್ಬರು ತೀರಿಹೋದಾಗ, ನರಕ್ಕೆ ಏರಿಸಿದ ದ್ರವದ ಮೇಲೆ ಸಂಶಯವುಂಟಾಗಿ ಸರಕಾರವು ಅದರ ಉಪಯೋಗವನ್ನು ನಿಲ್ಲಿಸಿತು. ಸೀಸೆಯೊಳಗಿನ ದೋಷವು ಅದನ್ನು ತೂಗುಹಾಕಿದವಳ ಕಣ್ಣಿಗೆ ಕಾಣುವಂಥದ್ದಲ್ಲ. ಆದದರಿಂದ ಅವಳನ್ನು ದೂಷಿಸುವದು ನ್ಯಾಯವಲ್ಲ. ಆದರೆ ರೋಗಿಗೆ ಚಳಿ ಹತ್ತುವದನ್ನೂ ಮೂತ್ರ ಕಟ್ಟುವದನ್ನೂ ಮುಖ ಬಾಡುವದನ್ನೂ ಎಲ್ಲರಿಗಿಂತ ಮೊದಲು ನೋಡುವವಳು ದಾದಿಯೇ. ಕಂಡದ್ದನ್ನು ಕಂಡ ಕೂಡಲೆ ಹೇಳುವದು, ಒಂದು ಸಾರಿ ಹೇಳಿದ್ದನ್ನು ಕೇಳದಿದ್ದರೆ ಎರಡನೆಯ ಸಾರಿ, ಮೂರನೆಯ ಸಾರಿ ಹೇಳುವದು ಅವಳ ಧರ್ಮ. ದೊಡ್ಡವರು ಗದರಿಸಿಯಾರೆಂದು ಅಂಜಿ ಸುಮ್ಮನಿರುವದು ವಿನಯವಲ್ಲ. ಆ ಸೂಲಗಿತ್ತಿಯರು ಅರಸನ ಮುಂದೆ ನಿಂತು ಉತ್ತರ ಕೊಟ್ಟರು. ನಾವು ಒಬ್ಬ ಮೇಲಧಿಕಾರಿಗೆ ಹೆದರಬೇಕೋ?

ಎರಡನೆಯದು: ಬಾಯಿಯ ಕಾವಲು.

ರೋಗಿಯು ತಾಯಿಗೂ ಹೇಳದ ಸಂಗತಿಗಳನ್ನು ದಾದಿಗೆ ಹೇಳುತ್ತಾನೆ. ಅದು ಅವನು ಒಪ್ಪಿಸಿದ ಗಂಟು. ಅದನ್ನು ಬಿಚ್ಚಿ ಸಂತೆಯಲ್ಲಿ ಹರವುವದು ಕಳ್ಳತನವೇ. ನಮ್ಮ ಹಳ್ಳಿಗಳಲ್ಲಿ ಬಸ್ಸು ನಿಲ್ಲುವ ಸ್ಥಳದಲ್ಲಿಯೂ ನೀರಿನ ನಲ್ಲಿಯ ಬಳಿಯಲ್ಲಿಯೂ ಕೇಳುವವರು ಬಹಳ: ಇಂಥವನ ಹೆಂಡತಿ ಆಸ್ಪತ್ರೆಗೆ ಬಂದಿದ್ದಳಂತೆ, ಏನು ರೋಗವಮ್ಮಾ? ಆ ಒಂದು ಉತ್ತರದಿಂದ ಒಂದು ಮನೆಯೇ ಒಡೆದುಹೋಗಬಹುದು. ಹೆಚ್ಚಾಗಿ ಎಚ್.ಐ.ವಿ. ಎಂಬ ಸೋಂಕುಳ್ಳವರ ವಿಷಯದಲ್ಲಿ ಹೀಗಾಗಿದೆ. ಅವರ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಯಲು ಮಾಡಕೂಡದು, ಅವರಿಗೆ ಚಿಕಿತ್ಸೆಯನ್ನು ನಿರಾಕರಿಸಕೂಡದು ಎಂದು ೨೦೧೭ರ ಕಾನೂನು ಹೇಳುತ್ತದೆ. ನಮ್ಮ ಕರ್ತನು ಕುಷ್ಠರೋಗಿಯನ್ನು ಮುಟ್ಟಿ ಗುಣಮಾಡಿದನೆಂದು ಮತ್ತಾಯನ ಸುವಾರ್ತೆಯ ೮ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆತನ ಹೆಸರನ್ನು ಧರಿಸಿಕೊಂಡವರು ರೋಗಿಯನ್ನು ನಾಲಿಗೆಯಿಂದ ಊರ ಹೊರಗೆ ಅಟ್ಟಬಹುದೋ?

ಆದರೆ ಮೌನವೇ ಎಲ್ಲಾ ಹೊತ್ತಿನಲ್ಲಿಯೂ ಧರ್ಮವೆಂದು ತಿಳಿಯಬೇಡಿರಿ. ಹದಿನೈದು ವರುಷದ ಹುಡುಗಿಯೊಬ್ಬಳನ್ನು ಬಸುರಿಯಾಗಿ ಕರತಂದರೆಂದು ಇಟ್ಟುಕೊಳ್ಳೋಣ. ತಂದೆಯು ಕೈಮುಗಿದು, ಮರ್ಯಾದೆಯ ಮಾತು, ಯಾರಿಗೂ ಹೇಳಬೇಡಿರಿ ಎನ್ನುತ್ತಾನೆ. ಈಗ ದಾದಿಯು ಏನು ಮಾಡತಕ್ಕದ್ದು? ೧೮ ವರುಷ ತುಂಬದ ಮಕ್ಕಳ ಮೇಲೆ ನಡೆದ ಇಂಥ ಅಪರಾಧವನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ೨೦೧೨ರ ಕಾನೂನಿನ ಆಜ್ಞೆಯುಂಟು. ಗುಟ್ಟನ್ನು ಕಾಯುವದೂ ಧರ್ಮ, ಮಗುವನ್ನು ಕಾಯುವದೂ ಧರ್ಮ. ಎರಡೂ ಎದುರುಬದುರಾಗಿ ನಿಂತಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ: ನನ್ನ ಮೌನವು ಯಾರನ್ನು ಕಾಯುತ್ತದೆ? ರೋಗಿಯನ್ನು ಕಾಯುವ ಮೌನವು ನಂಬಿಗಸ್ತಿಕೆ. ರೋಗಿಯನ್ನು ನೋಯಿಸಿದವನನ್ನು ಕಾಯುವ ಮೌನವು ದ್ರೋಹ. ಹೇಳಬೇಕಾದವರಿಗೆ ಹೇಳಿದ ಮೇಲೆಯೂ ಊರಿನ ಬಾಯಿಗೆ ಆ ಹುಡುಗಿಯ ಹೆಸರು ಬೀಳದಂತೆ ಕಾಯುವದು ಅವಳ ಕರ್ತವ್ಯ.

ಇಲ್ಲಿ ಕೆಲವರು ಕೇಳುವರು: ಆ ಸೂಲಗಿತ್ತಿಯರು ಫರೋಹನಿಗೆ ಕೊಟ್ಟ ಉತ್ತರವು ಪೂರ್ಣ ಸತ್ಯವೋ? ಇಬ್ರಿಯ ಸ್ತ್ರೀಯರು ಚುರುಕಾದವರು, ತಾವು ಮುಟ್ಟುವದಕ್ಕೆ ಮುಂಚೆಯೇ ಹೆತ್ತುಬಿಡುತ್ತಾರೆಂದು ಅವರು ಹೇಳಿದರಲ್ಲವೇ? ವೇದವು ಆ ಉತ್ತರವನ್ನು ಹೊಗಳುವದಿಲ್ಲ, ಹಳಿಯುವದೂ ಇಲ್ಲ. ಅವರ ದೈವಭಯಕ್ಕಾಗಿಯೇ ದೇವರು ಅವರಿಗೆ ಒಳ್ಳೇದನ್ನು ಮಾಡಿದನೆಂದು ಹೇಳುತ್ತದೆ. ಆದಕಾರಣ ಕೊಲೆಗಾರನ ಕೈಯಿಂದ ಕೂಸನ್ನು ತಪ್ಪಿಸಿದವರ ಮಾತನ್ನು ನಮ್ಮ ತಪ್ಪುಗಳನ್ನು ಮುಚ್ಚಿಕೊಳ್ಳುವ ಸುಳ್ಳಿಗೆ ಆಧಾರ ಮಾಡಿಕೊಳ್ಳಬಾರದು. ನಿದ್ದೆಗಣ್ಣಿನಲ್ಲಿ ಒಬ್ಬರ ಮದ್ದನ್ನು ಇನ್ನೊಬ್ಬರಿಗೆ ಕೊಟ್ಟವಳು ಆ ಕ್ಷಣವೇ ವೈದ್ಯರಿಗೆ ಹೇಳಬೇಕು. ಹೇಳಿದರೆ ಅವಳಿಗೆ ಅವಮಾನ, ಹೇಳದಿದ್ದರೆ ರೋಗಿಗೆ ಮರಣ. ತಪ್ಪನ್ನು ಮುಚ್ಚಿಡುವದು ಸೆರಗಿನಲ್ಲಿ ಕೆಂಡವನ್ನು ಕಟ್ಟಿಕೊಂಡ ಹಾಗೆ. ಅದು ಅವಳ ಸೆರಗನ್ನು ಮಾತ್ರವಲ್ಲ, ಪಕ್ಕದ ಹಾಸಿಗೆಯನ್ನೂ ಸುಡುವದು.

ಮೂರನೆಯದು: ಪಕ್ಷಪಾತವಿಲ್ಲದ ಕೈ.

ನಮ್ಮ ಸೀಮೆಯ ಆಸ್ಪತ್ರೆಗೆ ಎಂಥೆಂಥವರು ಬರುತ್ತಾರೆ! ಸಂಡೂರಿನ ಗಣಿಗಳಿಂದ ಕೆಂಪು ಧೂಳನ್ನು ಮೈಮೇಲೆ ಹೊತ್ತ ಕೂಲಿಯವನು, ಹಂಪೆಯ ಕಲ್ಲುಗಳನ್ನು ನೋಡಬಂದು ಬಿಸಿಲಿನಲ್ಲಿ ಬಿದ್ದ ಪರದೇಶದವನು, ವಿರೂಪಾಕ್ಷನ ಜಾತ್ರೆಗೆ ಬಂದ ಯಾತ್ರಿಕನು, ಕಂಪ್ಲಿಯ ಗದ್ದೆಯಲ್ಲಿ ಹಾವು ಕಚ್ಚಿದ ಒಕ್ಕಲಗಿತ್ತಿ, ಕುಡಿದು ಬಿದ್ದು ಕಾಲು ಮುರಿದುಕೊಂಡವನು. ಇವರಲ್ಲಿ ಯಾರ ಜಾತಿಯನ್ನು, ಯಾರ ಮತವನ್ನು, ಯಾರ ಕಿಸೆಯನ್ನು ದಾದಿಯು ಮೊದಲು ನೋಡಬೇಕು? ಯಾರದನ್ನೂ ಅಲ್ಲ, ಯಾರ ಪ್ರಾಣವು ಹೆಚ್ಚು ಅಪಾಯದಲ್ಲಿದೆಯೋ ಅವನನ್ನು ಮೊದಲು ನೋಡಬೇಕು. ಲೂಕನ ಸುವಾರ್ತೆಯ ೧೦ನೆಯ ಅಧ್ಯಾಯದ ಸಮಾರ್ಯದವನು ದಾರಿಯಲ್ಲಿ ಬಿದ್ದವನ ಕುಲವನ್ನು ಕೇಳಲಿಲ್ಲ. ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದನು. ಛತ್ರಕ್ಕೆ ತಂದು ಆರೈಕೆ ಮಾಡಿದನು. ಮರುದಿನ ಹೊರಡುವಾಗ ಸುಮ್ಮನೆ ಬಿಟ್ಟುಹೋಗದೆ ಛತ್ರದವನಿಗೆ ಹಣಕೊಟ್ಟು ಮುಂದಿನ ಆರೈಕೆಯನ್ನು ಒಪ್ಪಿಸಿದನು. ಕೆಲಸದ ಹೊತ್ತು ಮುಗಿದಾಗ ಮುಂದೆ ಬರುವವಳಿಗೆ ರೋಗಿಯ ಸಂಗತಿಯನ್ನೆಲ್ಲಾ ವಿವರವಾಗಿ ಒಪ್ಪಿಸಿ ಹೋಗುವ ದಾದಿಯು ಸಮಾರ್ಯದವನ ದಾರಿಯಲ್ಲಿಯೇ ನಡೆಯುತ್ತಾಳೆ.

ಹಣದ ಮಾತನ್ನೂ ಮರೆಮಾಚದೆ ಹೇಳಬೇಕಾಗಿದೆ. ಹುಟ್ಟಿದ ಮಗುವಿನ ಮುಖವನ್ನು ತೋರಿಸುವದಕ್ಕೂ ಚಕ್ರದ ಕುರ್ಚಿಯನ್ನು ತಳ್ಳುವದಕ್ಕೂ ಕೈಬಿಸಿ ಕೇಳುವ ಪದ್ಧತಿಯು ಎಷ್ಟೋ ಕಡೆಗಳಲ್ಲಿ ನಡೆಯುತ್ತದೆ. ಬಡವನು ಸಾಲ ಮಾಡಿ ಕೊಡುತ್ತಾನೆ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಗೆ ಹೋದವರಲ್ಲ. ಆದರೂ ೧೫,೦೦೦ಕ್ಕಿಂತ ಹೆಚ್ಚು ಹೆರಿಗೆಗಳನ್ನು ಕೂಲಿ ಕೇಳದೆ ಮಾಡಿಸಿದರು. ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಹೊಂದಿ ಅದೇ ವರುಷದ ಡಿಸೆಂಬರ್ ೨೫ರಂದು ತೀರಿಕೊಂಡರು. ಸಂಬಳವನ್ನು ತೆಗೆದುಕೊಳ್ಳುವದು ತಪ್ಪಲ್ಲ. ಕೆಲಸದವನು ಕೂಲಿಗೆ ಯೋಗ್ಯನೇ. ಆದರೆ ಸಂಬಳದ ಮೇಲೆ ಬಡವನ ಕಣ್ಣೀರನ್ನೂ ಕೂಲಿಯಾಗಿ ವಸೂಲು ಮಾಡುವವರು ಆ ವೃದ್ಧೆಯ ಮುಂದೆ ತಲೆಯೆತ್ತಿ ಹೇಗೆ ನಿಲ್ಲುವರು?

ನಾಲ್ಕನೆಯದು: ಗುಣವಾಗದವರ ಬಳಿಯಲ್ಲಿ ನಿಲ್ಲುವದು.

ಇದು ಎಲ್ಲವುಗಳಿಗಿಂತ ಕಠಿಣವಾದದ್ದು. ಉತ್ತರಕನ್ನಡದ ಹೊನ್ನಾವರ ತಾಲೂಕಿನ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗ ಎಂಬ ಕನ್ನಡ ನಾಡಿನ ಮಗಳು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. ೧೯೭೩ನೆಯ ಇಸವಿಯ ನವೆಂಬರ್ ೨೭ರಂದು ಅದೇ ಆಸ್ಪತ್ರೆಯ ಕಸಗುಡಿಸುವ ಕೆಲಸದವನೊಬ್ಬನು ನಾಯಿಯ ಸರಪಣಿಯಿಂದ ಅವಳ ಕುತ್ತಿಗೆಯನ್ನು ಬಿಗಿದು ಅವಳ ಮೇಲೆ ಬಲಾತ್ಕಾರ ಮಾಡಿದನು. ಮೆದುಳಿಗೆ ಪ್ರಾಣವಾಯು ಸಿಕ್ಕದೆ ಅವಳು ಮಾತನ್ನೂ ನಡಿಗೆಯನ್ನೂ ಜನರ ಗುರುತನ್ನೂ ಕಳಕೊಂಡಳು. ಆ ಮೇಲೆ ಸುಮಾರು ೪೨ ವರುಷ ಹಾಸಿಗೆಯಲ್ಲಿಯೇ ಇದ್ದು ೨೦೧೫ರ ಮೇ ೧೮ರಂದು ಪ್ರಾಣಬಿಟ್ಟಳು.

ಪ್ರಿಯರೇ, ಆ ೪೨ ವರುಷ ಅವಳನ್ನು ನೋಡಿಕೊಂಡವರು ಯಾರು? ಅವಳ ಜೊತೆಯ ದಾದಿಯರೇ. ಅವರು ಮುದುಕಿಯರಾಗಿ ಕೆಲಸದಿಂದ ಇಳಿದುಹೋದರು. ಅವಳನ್ನು ನಡೆದಾಡುವಾಗ ಎಂದೂ ನೋಡದ ಎಳೆಯ ದಾದಿಯರು ಅವರ ಸ್ಥಾನದಲ್ಲಿ ಬಂದು ಅವಳಿಗೆ ಅನ್ನವನ್ನು ಮಿದಿಸಿ ಉಣಿಸಿದರು, ಮೈ ತೊಳೆದರು, ಮಗ್ಗಲು ತಿರುಗಿಸಿದರು. ಮಲಗಿಯೇ ಇರುವವರ ಬೆನ್ನಿಗೆ ಹುಣ್ಣಾಗುವದು ಎಷ್ಟು ಬೇಗವೆಂದು ಮನೆಯಲ್ಲಿ ವೃದ್ಧರನ್ನು ನೋಡಿಕೊಂಡವರು ಬಲ್ಲರು. ಅಷ್ಟು ವರುಷವೂ ಅವಳ ಮೈಮೇಲೆ ಅಂಥ ಹುಣ್ಣುಗಳಾಗದಂತೆ ಅವರು ಕಾಯ್ದರು. ಅವಳನ್ನು ಬೇರೆ ಕಡೆಗೆ ಸಾಗಿಸಬೇಕೆಂದು ಮೇಲಿನವರು ಮನಸ್ಸು ಮಾಡಿದಾಗ ದಾದಿಯರು ಮುಷ್ಕರ ಹೂಡಿ ತಡೆದರು.

ಇತ್ತ ಅವಳ ಕಥೆಯನ್ನು ಬರೆದ ಪಿಂಕಿ ವಿರಾನಿ ಎಂಬ ಲೇಖಕಿಯು, ಇಂಥ ಬಾಳನ್ನು ಬಲವಂತವಾಗಿ ಎಳೆಯಬಾರದು, ಅವಳನ್ನು ಸಮಾಧಾನದಿಂದ ಹೋಗಗೊಡಿರಿ ಎಂದು ಸುಪ್ರೀಂ ಕೋರ್ಟಿಗೆ ಬಿನ್ನಹ ಮಾಡಿದಳು. ಇಬ್ಬರದೂ ಪ್ರೀತಿಯೇ. ಒಂದು ಪ್ರೀತಿಯು ಬಿಡಲಾರೆನೆನ್ನುತ್ತದೆ, ಇನ್ನೊಂದು ಪ್ರೀತಿಯು ನೋಯಿಸಲಾರೆನೆನ್ನುತ್ತದೆ. ೨೦೧೧ರ ಮಾರ್ಚ್ ೭ರಂದು ನ್ಯಾಯಾಧೀಶರು ತೀರ್ಪು ಕೊಟ್ಟು, ಅವಳ ವಿಷಯದಲ್ಲಿ ಆ ಬಿನ್ನಹವನ್ನು ಒಪ್ಪಲಿಲ್ಲ. ಯಾಕಂದರೆ ಇಷ್ಟು ವರುಷ ಅವಳನ್ನು ಸಾಕಿದ ಆಸ್ಪತ್ರೆಯವರು ಅವಳು ಬದುಕಿರಬೇಕೆಂದು ಬಯಸಿದರು. ಅವರ ಮಾತಿಗೇ ಹೆಚ್ಚಿನ ತೂಕವೆಂದು ಕೋರ್ಟು ಎಣಿಸಿತು. ಪ್ರಾಣ ತೆಗೆಯುವ ಮದ್ದನ್ನು ಕೊಡುವದು ಬೇರೆ, ಗುಣವಾಗುವ ನಿರೀಕ್ಷೆಯೇ ಇಲ್ಲದವನ ಸಾವನ್ನು ಯಂತ್ರಗಳಿಂದ ತಡೆಯುತ್ತಾ ಇರುವದನ್ನು ನಿಲ್ಲಿಸುವದು ಬೇರೆ ಎಂದು ಅದೇ ತೀರ್ಪಿನಲ್ಲಿ ವಿಂಗಡಿಸಿ, ಮೊದಲನೆಯದನ್ನು ನಿಷೇಧಿಸಿ, ಎರಡನೆಯದಕ್ಕೆ ಕಟ್ಟುನಿಟ್ಟಾದ ಕ್ರಮದಿಂದ ಅವಕಾಶ ಕೊಟ್ಟರು. ೨೦೧೮ರ ಮಾರ್ಚ್ ೯ರಂದು ಐವರು ನ್ಯಾಯಾಧೀಶರ ಪೀಠವು ಇದನ್ನು ಸ್ಥಿರಪಡಿಸಿ, ಬುದ್ಧಿ ನೆಟ್ಟಗಿರುವಾಗಲೇ ತನ್ನ ಕೊನೆಯ ಕಾಲದ ಚಿಕಿತ್ಸೆಯು ಹೇಗಿರಬೇಕೆಂದು ಬರೆದಿಡುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದಿತು.

ಇದರಿಂದ ನಾವು ತಿಳಿದುಕೊಳ್ಳತಕ್ಕದ್ದೇನು? ಸಾಯಿಸುವದು ನಮ್ಮ ಕೆಲಸವಲ್ಲ, ಆದರೆ ಸಾವನ್ನು ಎಂದಿಗೂ ಬರಗೊಡದೆ ಸೆಣಸುವದೂ ನಮ್ಮ ಕೆಲಸವಲ್ಲ, ನಾವು ದೇವರಲ್ಲ. ಯಂತ್ರವನ್ನು ನಿಲ್ಲಿಸಬಹುದು, ಆರೈಕೆಯನ್ನು ನಿಲ್ಲಿಸಬಾರದು. ನೋವನ್ನು ತಗ್ಗಿಸುವ ಮದ್ದು, ಒಣಗಿದ ತುಟಿಗೆ ಒಂದು ಹನಿ ನೀರು, ಹಿಡಿದುಕೊಳ್ಳುವದಕ್ಕೆ ಒಂದು ಕೈ, ಇವು ಕೊನೆಯ ಉಸಿರಿನ ವರೆಗೂ ಇರಬೇಕು. ಮನೆಯವರು ಹೊಲವನ್ನು ಮಾರಿ ಯಂತ್ರಕ್ಕೆ ಹಣ ಕಟ್ಟುವರೋ, ಅಥವಾ ತಂದೆಯನ್ನು ಮನೆಗೆ ಕರಕೊಂಡು ಹೋಗುವರೋ ಎಂದು ತಳಮಳಪಡುವಾಗ ಸಭೆಯವರು ಅವರ ಮೇಲೆ ಬೇಗನೆ ತೀರ್ಪು ಮಾಡದಿರಲಿ. ಒಳ್ಳೇ ಆರೋಗ್ಯವಿರುವಾಗಲೇ ಗಂಡಹೆಂಡಿರೂ ಮಕ್ಕಳೂ ಕೂತುಕೊಂಡು ಈ ವಿಷಯವನ್ನು ಮಾತಾಡಿಕೊಳ್ಳುವದು ಅಪಶಕುನವಲ್ಲ, ವಿವೇಕ.

ದೇಹದಲ್ಲಿ ಪ್ರಾಣವಿಲ್ಲದಾಗಲೂ ಈ ಧರ್ಮವು ಮುಗಿಯುವದಿಲ್ಲ. ೨೦೨೦ರ ಜೂನ್ ಕಡೆಯಲ್ಲಿ ಬಳ್ಳಾರಿಯಲ್ಲಿ ಕೊರೋನಾದಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆದ ದೃಶ್ಯವನ್ನು ನೋಡಿ ಜನರು ಅತ್ತರು; ಜಿಲ್ಲೆಯ ಆಡಳಿತದವರು ಕ್ಷಮೆ ಬೇಡಿದರು. ಆದಿಕಾಂಡ ೩೫ನೆಯ ಅಧ್ಯಾಯದಲ್ಲಿ ರೆಬೆಕ್ಕಳ ದಾದಿಯಾದ ದೆಬೋರಳು ಸತ್ತಾಗ ಅವಳನ್ನು ಮರದ ಕೆಳಗೆ ಹೂಣಿಟ್ಟು, ಆ ಮರಕ್ಕೆ ಅಳುವಿನ ಮರವೆಂದೇ ಹೆಸರಿಟ್ಟರು. ಸೇವಕಿಯಾಗಿದ್ದವಳ ದೇಹಕ್ಕೂ ಅಷ್ಟು ಮಾನವಿತ್ತು.

ಕಡೆಯದಾಗಿ ದಾದಿಯರಲ್ಲದವರಿಗೆ ಒಂದು ಮಾತು. ನಿಮ್ಮ ರೋಗಿಯು ತೀರಿಹೋದರೆ ದುಃಖದ ಭರದಲ್ಲಿ ದಾದಿಯ ಮೇಲೆ ಕೈಯೆತ್ತಬೇಡಿರಿ. ೨೦೦೯ರ ರಾಜ್ಯದ ಕಾನೂನಿನಂತೆ ಅದು ಅಪರಾಧ, ದೇವರ ಮುಂದೆಯೂ ಅಪರಾಧ. ತಪ್ಪಾಗಿದೆಯೆಂದು ಕಂಡರೆ ವಿಚಾರಣೆಯನ್ನು ಕೇಳಿರಿ. ರಾತ್ರಿಯ ಕೆಲಸಕ್ಕೆ ಹೋಗುವ ಹುಡುಗಿಯ ನಡತೆಯ ಮೇಲೆ ಕಟ್ಟೆಯಲ್ಲಿ ಕೂತು ಮಾತಾಡಬೇಡಿರಿ. ಅವಳು ಎಚ್ಚರವಾಗಿರುವದರಿಂದಲೇ ನಿಮ್ಮ ತಾಯಿ ನಿದ್ರೆಮಾಡುತ್ತಾಳೆ. ಒಬ್ಬಳೇ ದಾದಿಯು ಹತ್ತಾರು ಹಾಸಿಗೆಗಳ ನಡುವೆ ಓಡಾಡುವದನ್ನು ನೋಡಿದರೆ ಗದರಿಸುವದನ್ನು ಬಿಟ್ಟು, ದಾದಿಯರ ಸಂಖ್ಯೆಯನ್ನು ಹೆಚ್ಚಿಸಬೇಕೆಂದು ಅಧಿಕಾರಿಗಳನ್ನು ಕೇಳಿರಿ.

ದಾದಿಯಾಗಿರುವ ಸಹೋದರಿಯೇ, ಸಹೋದರನೇ, ಏನು ಮಾಡಬೇಕೆಂದು ತಿಳಿಯದೆ ನೀನು ರಾತ್ರಿಯಲ್ಲಿ ಒಬ್ಬಂಟಿಗಳಾಗಿ ನಿಂತಾಗ ಈ ನಾಲ್ಕನ್ನು ನೆನಸಿಕೋ. ಇದರಿಂದ ರೋಗಿಗೆ ಕೇಡಾಗುವದೋ? ರೋಗಿಯು ಇದನ್ನು ತಿಳಿದು ಒಪ್ಪಿದ್ದಾನೋ? ನನ್ನ ಸ್ವಂತ ತಾಯಿಯಾಗಿದ್ದರೂ ಹೀಗೆಯೇ ಮಾಡುತ್ತಿದ್ದೆನೋ? ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಇದನ್ನು ನಾಚದೆ ಹೇಳಬಹುದೋ? ಇಷ್ಟನ್ನೂ ವಿಚಾರಿಸಿಕೊಂಡ ಮೇಲೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಬ್ಬರು ಬಡ ಸೂಲಗಿತ್ತಿಯರನ್ನು ನೋಡಿದಾತನು ನಿನ್ನನ್ನೂ ನೋಡುತ್ತಾನೆಂದು ನಂಬಿ ಕೆಲಸಕ್ಕೆ ಕೈಹಾಕು. ಆತನು ರೋಗಿಯ ಹಾಸಿಗೆಯಲ್ಲಿಯೇ ನಿನಗಾಗಿ ಕಾದಿದ್ದಾನೆ. ಮತ್ತಾಯನು ೨೫ನೆಯ ಅಧ್ಯಾಯದಲ್ಲಿ ಬರೆದದ್ದು ಇದನ್ನೇ.

ಕರ್ತನು ನಿಮ್ಮ ಕೈಗಳಿಗೆ ಬಲವನ್ನೂ ಬಾಯಿಗೆ ಕಾವಲನ್ನೂ ಹೃದಯಕ್ಕೆ ತನ್ನ ಭಯವನ್ನೂ ಅನುಗ್ರಹಿಸಲಿ. ಆಮೆನ್.